ಆರು ವರ್ಷದ ನಂತರ ಭಾವ ಬೆಂಚಿನಿಂದ ಎದ್ದರು

ಸ್ನೇಹಿತರೇ, ನಂಜನಗೂಡಿನಲ್ಲಿ ಟೈಲರ್ ಆಗಿರುವ ನಮ್ಮ ಭಾವ ಸ್ಯಾಮ್ಯುಯೆಲ್ ಇವತ್ತು ಚರ್ಚಿನಲ್ಲಿ ಪ್ರಭು ಭೋಜನ, ಅಂದರೆ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ತೆಗೆದುಕೊಂಡರು. ಆರು ವರ್ಷಗಳ ನಂತರ.

ಅವರು ತಮಗೆ ತಾವೇ ಒಂದು ಷರತ್ತು ಹಾಕಿಕೊಂಡಿದ್ದರು. ಒಂದು ವಾರ ಪೂರ್ತಿ ಯಾರ ಮೇಲೂ ರೇಗದೆ ಇದ್ದರೆ ಮಾತ್ರ ಆ ರೊಟ್ಟಿ ಮುಟ್ಟುವುದು. ಹೆಚ್ಚೆಂದರೆ ಗುರುವಾರದವರೆಗೆ ತಡೆದಿದ್ದಾರೆ. ಹಾಗಾಗಿ ಎಲ್ಲರೂ ಸಾಲಿನಲ್ಲಿ ಮುಂದೆ ಹೋಗುವಾಗ ಇವರೊಬ್ಬರು ತಲೆ ತಗ್ಗಿಸಿ ಬೆಂಚಿನಲ್ಲೇ ಕೂತಿರುತ್ತಿದ್ದರು.

ಇವತ್ತಂತೂ ಸ್ಕೂಟರ್ ಅಡ್ಡ ನಿಲ್ಲಿಸಿದೆ ಎಂದು ಗೇಟಿನಲ್ಲೇ ನನ್ನ ಮೇಲೆ ಕೂಗಾಡಿ ಒಳಗೆ ಬಂದಿದ್ದರು. ಸಾಲು ಹೊರಟಿತು. ಬಿಳಿಗೆರೆಯ ಮಾರ್ತಮ್ಮಜ್ಜಿ ಭಾವನ ಬೆಂಚಿನ ಪಕ್ಕ ನಿಂತೇಬಿಟ್ಟರು.

"ಏಳ್ಲಾ ಸಾಮು."

"ನಾನಿನ್ನೂ ಸರಿಯಾಗಿಲ್ಲ ಕಣಜ್ಜಿ. ಸರಿಯಾದ್ಮೇಲೆ ಬತ್ತೀನಿ."

"ಕಪಿಲೆಗೆ ಮೀಯಕ್ಕೆ ಓಗೋವಾಗ ಮನೇಲೇ ಮೈ ತೊಳ್ಕೊಂಡು ಓಯ್ತೀಯೇನ್ಲಾ? ನಾವೆಲ್ಲ ಸರಿಯಾಗಿದ್ದಿದ್ರೆ ಯೇಸಪ್ಪ ಯಾಕೆ ಸಾಯ್ಬೇಕಿತ್ತು? ಬೇಗ ಏಳು, ನನ್ ಮಂಡಿ ನೋಯ್ತದೆ."

ಭಾವ ಎದ್ದರು. ಅಜ್ಜಿಯ ಕೈ ಹಿಡಿದು ಮುಂದೆ ನಡೆದರು. ಪಾದ್ರಿಗಳು ಅಂಗೈ ಮೇಲೆ ರೊಟ್ಟಿ ಇಟ್ಟಾಗ ಅವರು ಹೇಳಿದ "ಆಮೆನ್" ಕೊನೆಯ ಬೆಂಚಿಗೂ ಕೇಳಿಸಿತು. ನನ್ನ ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು.

ಆ ಸಾಲಿನಲ್ಲಿ ನಿಲ್ಲುವವರೆಲ್ಲ ತಪ್ಪೇ ಮಾಡದ ಜನ ಎಂದು ಭಾವ ಇಷ್ಟು ವರ್ಷ ನಂಬಿದ್ದರಂತೆ. ಅದರಲ್ಲಿ ತಿಂಗಳು ತಿಂಗಳೂ ನಾನೂ ನಿಂತಿರುತ್ತಿದ್ದೆ. ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವರು, ಅಷ್ಟಾದರೂ ಗಮನಿಸಬಾರದಿತ್ತೇ?