ಪ್ರಸಾದವೆಂದು ಬರೆಸಿದ ರೂಪಾಯಿ

ನನಗೆ ಹಳೆಯ ನಾಣ್ಯ ಕೂಡಿಸುವ ಚಟ. ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ, ಅವ್ವನ ದೇವರ ಜಗಲಿಗೆ ಕೈ ಹಾಕುವವರೆಗೆ.

ಜಗಲಿಯ ಮೇಲಿನ ಡಬ್ಬಿಯಲ್ಲಿ ರಾಣಿ ಛಾಪಿನ ಬೆಳ್ಳಿ ರೂಪಾಯಿ ಒಂದಿತ್ತು. ಅವ್ವನಿಗೆ ಅವಳ ಅತ್ತೆ ಕೊಟ್ಟದ್ದು. ಅವಳ ಪಾಲಿಗೆ ಅದು ನಾಣ್ಯವಲ್ಲ, ಲಕ್ಷ್ಮಿ. ದೀಪಾವಳಿ ಅಮಾವಾಸ್ಯೆಗೊಮ್ಮೆ ಹೊರತೆಗೆದು, ಹಾಲಲ್ಲಿ ತೊಳೆದು, ಪೂಜಿಸಿ ಮುಚ್ಚಿಡುವಳು. "ಲಕ್ಷ್ಮಿ ಹೊಸ್ತಲಾ ದಾಟಬಾರದು" ಎನ್ನುವಳು. ನಾನು ದಾಟಿಸಿದೆ. ಅದು ಅಪರೂಪದ್ದೇ ಎಂದು ತಿಳಿಯುವ ಹುಚ್ಚಿನಲ್ಲಿ, ಅವಳಿಗೆ ಹೇಳದೆ ಪುಣೆಯ ಪರಿಣತರೊಬ್ಬರಿಗೆ ಕಳಿಸಿದೆ.

ಅವರು ಸಾಮಾನ್ಯದ್ದೇ ಎಂದರು. ವಾಪಸು ಕಳಿಸುವಾಗ ಮೇಲೆ ಏನು ಬರೆಯಲಿ ಎಂದು ಕೇಳಿದರು. ಬೆಳ್ಳಿ ಎಂದು ಬರೆದರೆ ದಾರಿಯಲ್ಲೇ ಮಾಯವಾದೀತು. ಬಲು ಜಾಣನಂತೆ, ಕುಂಕುಮದ ಭರಣಿಯಲ್ಲಿಟ್ಟು 'ಪ್ರಸಾದ' ಎಂದು ಬರೆಯಿರಿ ಎಂದೆ. ಕೊರಿಯರ್‌ನವರು ಫೋನ್ ಮಾಡಿದಾಗ ಅವ್ವ ಎತ್ತಿಯಾಳೆಂದು ನಂಬರೂ ಬೇಡವೆಂದೆ.

ಹತ್ತು ದಿನವಾದರೂ ಪೊಟ್ಟಣ ಬರಲಿಲ್ಲ. ಮೊಬೈಲಿನಲ್ಲಿ ನೋಡಿದರೆ 'ತಲುಪಿಸಲಾಗಿದೆ'. ಅಣ್ಣಿಗೇರಿಯ ಕೊರಿಯರ್ ಅಂಗಡಿಯಾತ ತಲೆಯನ್ನೂ ಎತ್ತದೆ, "ಕೊಟ್ಟೇವ್ರಿ. ಸೈನ್ ಆಗೇತಿ" ಎಂದ. ಸಹಿ ಯಾರದೆಂದು ಓದಲು ಬರುವಂತಿರಲಿಲ್ಲ. ಅಮಾವಾಸ್ಯೆಗೆ ಉಳಿದದ್ದು ನಾಲ್ಕೇ ದಿನ. ಅವ್ವ ಜಗಲಿಯ ಕಡೆ ನಡೆದರೆ ಸಾಕು, ಏನೋ ನೆಪ ತೆಗೆದು ಕರೆಯುತ್ತಿದ್ದೆ. ಊಟ ಸೇರಲಿಲ್ಲ. "ಯಾಕೋ, ಮೈಯಾಗ ಆರಾಮಿಲ್ಲೇನು?" ಎಂದು ಅವಳು ಹಣೆ ಮುಟ್ಟಿದಾಗ ಇನ್ನಷ್ಟು ಹೆದರಿದೆ.

ಆಮೇಲೆ ಹೊಳೆಯಿತು. ಪೊಟ್ಟಣದ ಮೇಲಿದ್ದದ್ದು ಬರೀ ನನ್ನ ಇನಿಶಿಯಲ್, ಅಡ್ಡಹೆಸರು, ಊರು. ಆ ಅಡ್ಡಹೆಸರಿನವರು ನಮ್ಮೂರಲ್ಲಿ ಅರ್ಧ ಓಣಿಯಿದ್ದಾರೆ. ಒಂದೊಂದೇ ಮನೆ ಹೊಕ್ಕೆ. ನಾಲ್ಕನೆಯ ಮನೆಯಲ್ಲಿ ಒಬ್ಬ ಅಜ್ಜಿ. ಪ್ರಸಾದವೇನಾದರೂ ಬಂದಿದೆಯೇ ಎಂದು ಕೇಳಿದ್ದೇ ತಡ, ಅವಳ ಮುಖ ಅರಳಿತು.

"ಬಂದೈತಿ ತಮ್ಮಾ. ಯಾವ ಪುಣ್ಯಾತ್ಮ ಕಳಿಸಿದ್ನೋ, ಭರಣಿ ತಗದ್ರ ಒಳಗ ಲಕ್ಷ್ಮಿ. ಬಸರಿ ಸೊಸಿ ದವಾಖಾನಿಯಾಗಿದ್ಲು. ಮರುದಿನಾನ ಆರಾಮಾಗಿ ಮನಿಗೆ ಬಂದ್ಲು."

ಅವರ ಜಗಲಿಯ ಮೇಲೆ ಹೂವಿನ ನಡುವೆ ನಮ್ಮ ರೂಪಾಯಿ ಕೂತಿತ್ತು. ರಾಣಿಯ ತಲೆಯ ಮೇಲೆ, ಎಂದೋ ಸರಕ್ಕೆ ಕೊಂಡಿ ಬೆಸೆದಿದ್ದ ಕಲೆ. ಅವ್ವ ಅದನ್ನು ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸಬಲ್ಲಳು. ಒಳಬಾಗಿಲಲ್ಲಿ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಅದು ನಮ್ಮದು ಎನ್ನಲು ಹೋದವನು ತಡೆದೆ. ಒಯ್ದ ಮೇಲೆ ಆಕೆಗೆ ಏನಾದರೂ ಆದರೆ? ಇಂಥದನ್ನೆಲ್ಲ ನಂಬದವನು ನಾನು. ಆದರೂ ಕೈ ಮುಗಿದು ಹೊರಟೆ.

ಅಜ್ಜಿ ಬಾಗಿಲ ತನಕ ಬಂದಳು. "ಶುಕ್ರವಾರ ಓಣ್ಯಾಗಿನ ಹೆಣ್ಮಕ್ಕಳನ್ನೆಲ್ಲಾ ಈ ಲಕ್ಷ್ಮಿ ಪೂಜಾಕ್ಕ ಕರದೇನಿ. ನಿಮ್ಮವ್ವಗ ನಿನ್ನೇನ ಹೇಳಿ ಬಂದೇನಿ, ಮದಲ ಆರತಿ ನೀನ ಎತ್ತಬೇಕವಾ ಅಂತ."

ಅಂದು ಗುರುವಾರ. ಮನೆಗೆ ಬಂದರೆ ಅವ್ವ ಅಂಗಳದಲ್ಲಿ ತನ್ನ ರೇಷ್ಮೆ ಸೀರೆ ಬಿಸಿಲಿಗೆ ಹಾಕುತ್ತಿದ್ದಳು.