ಅಕ್ಕ ಆರಿಸಿದ ಹೆಸರು

ನಾನು ಚಿಕ್ಕವಳಿದ್ದಾಗ ಎಂದು ಬರೆದ ಕೂಡಲೇ ನನಗೆ ನನ್ನ ಮೇಲೆಯೇ ಅನುಮಾನ ಬರುತ್ತದೆ. ಆಗ ನನಗೆ ಎಂಟು ವರ್ಷವೋ ಒಂಬತ್ತೋ. ಈಗ ಹೇಳುವುದರಲ್ಲಿ ಕಣ್ಣಾರೆ ಕಂಡದ್ದು ಎಷ್ಟು, ಆಮೇಲೆ ದೊಡ್ಡವರಿಂದ ಕೇಳಿ ನನ್ನದು ಮಾಡಿಕೊಂಡದ್ದು ಎಷ್ಟು ಎಂದು ಖಾತ್ರಿಯಿಲ್ಲ. ಮೊಮ್ಮಕ್ಕಳೇ, ಸಂಶಯ ಇರುವಲ್ಲಿ ಸಂಶಯ ಇದೆ ಎಂದೇ ಹೇಳುತ್ತೇನೆ.

ನಾವು ಧಾರವಾಡದಿಂದ ಪುಣೆಗೆ ಬಂದು ಸದಾಶಿವ ಪೇಠೆಯ ಒಂದು ವಾಡೆಯ, ಅಂದರೆ ಹಲವು ಸಂಸಾರಗಳಿರುವ ಹಳೆಯ ದೊಡ್ಡ ಮನೆಯ, ಮಾಳಿಗೆಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದರು. ಸಂಜೆ ಕನ್ನಡ ಶಾಲೆಗಳಿಗಾಗಿ ಒಂದು ವಿಜ್ಞಾನದ ಪುಸ್ತಕ ಬರೆಯುತ್ತಿದ್ದರು. ಅದಕ್ಕೆ ಬೇಕಾದ ಎಷ್ಟೋ ಮಾತುಗಳು ಕನ್ನಡದಲ್ಲಿ ಇನ್ನೂ ನೆಲೆಯೂರಿರಲಿಲ್ಲ. ಬೇರೆಯವರು ಕಟ್ಟಿದ್ದನ್ನು ಅಪ್ಪ ಆರಿಸುತ್ತಿದ್ದರು, ಇಲ್ಲದ್ದನ್ನು ಸಂಸ್ಕೃತದಿಂದ ತಾವೇ ಕಟ್ಟುತ್ತಿದ್ದರು.

ಆ ಮಾತುಗಳಿಗೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆಯಿತ್ತು. ದೀಪ ಹಚ್ಚಿದ ಮೇಲೆ ಅಜ್ಜಿ ಗೋಡೆಗೊರಗಿ ಹತ್ತಿಯ ಬತ್ತಿ ಹೊಸೆಯುತ್ತ ಕೂಡುತ್ತಿದ್ದಳು. ಅಪ್ಪ ಒಂದು ಮಾತು ಹೇಳುವರು, ಅಜ್ಜಿ ಅದನ್ನು ತಿರುಗಿ ಹೇಳಬೇಕು. ಹೇಳುವಾಗ ಬತ್ತಿ ಹೊಸೆಯುವ ಕೈ ನಿಲ್ಲದಿದ್ದರೆ ಮಾತು ಪಾಸು, ನಿಂತರೆ ನಪಾಸು. ‘ದೂರದರ್ಶಕ’ ಸರಾಗವಾಗಿ ದಾಟಿತು. ಜ್ವರ ಅಳೆಯುವ ಗಾಜಿನ ಕಡ್ಡಿಗೆ ಅಪ್ಪ ‘ಉಷ್ಣತಾಪರಿಮಾಪಕ’ ಎಂದಾಗ ಅಜ್ಜಿ ಹತ್ತಿಯನ್ನು ಕೆಳಗಿಟ್ಟೇಬಿಟ್ಟಳು. “ಇದನ್ನ ಅಂದು ಮುಗಿಸೂದ್ರಾಗ ಜ್ವರಾನ ಇಳೀತದ ಬಿಡೋ!” ನಾವೆಲ್ಲ ನಕ್ಕೆವು, ಅಪ್ಪನೂ ನಕ್ಕರು.

ಒಂದು ಸಂಜೆ ಆಕ್ಸಿಜನ್ನಿನ ಸರದಿ ಬಂತು. “ಆಮ್ಲಜನಕ” ಎಂದರು ಅಪ್ಪ. ಅಜ್ಜಿಯ ಕೈ ನಿಂತಿತು.

“ಆಮ್ಲ ಅಂದ್ರ ಹುಳಿ, ಜನಕ ಅಂದ್ರ ಹುಟ್ಟಿಸಿದಾಂವ. ನಾವು ಉಸಿರಾಡೋ ಗಾಳಿಗೆ ಹುಳೀದೇನೋ ಸಂಬಂಧ?”

“ಆಕ್ಸಿಜನ್ ಅನ್ನೂದರ ಬೇರು ಹಳೇ ಗ್ರೀಕಿನ್ಯಾಗ ಅದ, ಅವ್ವಾ. ಹುಳಿ ಹುಟ್ಟಿಸೂದು ಅಂತನ ಅದರ ಅರ್ಥ. ನಾವು ಅದನ್ನ ಸಂಸ್ಕೃತದಾಗ ಅಂತೀವಿ. ಮನ್ಯಾಗ ಕೂಸು ಹುಟ್ಟಿದ್ರ ಹೆಸರಿಡಲಿಕ್ಕೆ ಹಿರಿಯರನ್ನ ಕರಿಯೂದಿಲ್ಲೇನು? ಹಂಗ.”

ಅಕ್ಕ ಮ್ಯಾಟ್ರಿಕ್ ಓದುತ್ತಿದ್ದಳು. ಪುಣೆಯ ಶಾಲೆಗಳಲ್ಲಿ ಟೀಚರನ್ನು ‘ಬಾಯಿ’ ಎನ್ನುತ್ತಿದ್ದರು. “ಹೆಸರಿಟ್ಟಾಂವನ ತಪ್ಪಿದ್ದ ಅಂತಾರ ನಮ್ಮ ಬಾಯಿ” ಎಂದಳು ಅಕ್ಕ. “ಎಷ್ಟೋ ಆಮ್ಲದಾಗ ಅದು ಇರಂಗೇ ಇಲ್ಲಂತ. ಗೊತ್ತಿದ್ದೂ ಆ ತಪ್ಪನ್ನ ನಮ್ಮ ಭಾಷಾಕ್ಕ ಯಾಕ ತರ್ತೀರಿ ಅಪ್ಪಾ? ಮರಾಠಿಯವರಂಗ ಪ್ರಾಣವಾಯು ಅನ್ರಿ.”

“ಪ್ರಾಣ ಅನ್ನೂದು ಶಾಸ್ತ್ರದ ಮಾತು. ಅದನ್ನ ತಂದು ಬಾಟ್ಲಿಯೊಳಗ ತುಂಬಲಿಕ್ಕೆ ಬರಂಗಿಲ್ಲ.”

“ಬರ್ತದ. ಪುಸ್ತಕ ಅಚ್ಚಾಗೂದ್ರಾಗ ನಿಮ್ಮನ್ನ ಒಪ್ಪಸ್ತೀನಿ, ನೋಡ್ತಿರ್ರಿ.”

ಆ ಮಳೆಗಾಲದಲ್ಲಿ ಅಕ್ಕನಿಗೆ ಕೆಮ್ಮು ಬಂತು, ಆಮೇಲೆ ಜ್ವರ. ಡಾಕ್ಟರು ನ್ಯುಮೋನಿಯಾ ಎಂದರು. ಆ ಮಾತೂ ಗ್ರೀಕಿನಿಂದ ಬಂದದ್ದೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಕಾಲೇಜಿನಲ್ಲಿ. ಒಂದು ಬೆಳಿಗ್ಗೆ ಅವಳು ಉಸಿರಿಗಾಗಿ ಹೆಗಲನ್ನೇ ಎತ್ತಿ ಎತ್ತಿ ಹಾಕತೊಡಗಿದಳು. ನಮ್ಮ ಅವ್ವ ಬಾಣಂತನಕ್ಕೆ ಧಾರವಾಡಕ್ಕೆ ಹೋಗಿದ್ದಳು. ನನ್ನನ್ನು ಒಬ್ಬಳೇ ಬಿಡಲಾಗದೆ ಎಲ್ಲರೂ ಒಂದೇ ಟಾಂಗಾದಲ್ಲಿ ಹೊರಟೆವು. ನೆನೆದ ಕುದುರೆಯ ವಾಸನೆ, ತಾಡಪತ್ರಿಯ ಮೇಲೆ ಮಳೆಯ ಸದ್ದು, ಅಪ್ಪನ ಹೆಗಲ ಮೇಲೆ ಅಕ್ಕನ ತಲೆ. ಇಷ್ಟು ಮಾತ್ರ ನಿಜವಾಗಿ ನನ್ನದೇ ನೆನಪು ಎಂದು ಆಣೆ ಮಾಡಿ ಹೇಳಬಲ್ಲೆ.

ಆಸ್ಪತ್ರೆಯಲ್ಲಿ ಫಿನಾಯಿಲಿನ ಘಾಟು. ಅಕ್ಕನ ಮಂಚದ ಪಕ್ಕಕ್ಕೆ ನನಗಿಂತ ಎತ್ತರದ, ಕಪ್ಪು ಕಬ್ಬಿಣದ ಉರುಳೆಯೊಂದನ್ನು, ಈಗ ನೀವು ಸಿಲಿಂಡರ್ ಅನ್ನುವುದನ್ನು, ತಂದು ನಿಲ್ಲಿಸಿದರು. ಅದರಿಂದ ಹೊರಟ ರಬ್ಬರಿನ ನಳಿಗೆ ನೀರಿನ ಗಾಜಿನ ಬಾಟಲಿಯೊಂದನ್ನು ಹಾದು ಅಕ್ಕನ ಮುಖದ ಮೇಲಿನ ಮುಚ್ಚಳಕ್ಕೆ ಹೋಗುತ್ತಿತ್ತು. ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು.

ಅಜ್ಜಿ ನೆಲದ ಮೇಲೆ ಕೂತು ಸೆರಗಿನ ಗಂಟಿನಿಂದ ಹತ್ತಿ ತೆಗೆದಳು. ಕೈಗೆ ಬೇರೆ ಏನು ಕೆಲಸ ಕೊಡಬೇಕೋ ಅವಳಿಗೆ ತಿಳಿದಿರಲಿಕ್ಕಿಲ್ಲ. ಬತ್ತಿ ಹೊಸೆಯುತ್ತ, “ಏನೋ ಅದು, ಆ ಕಬ್ಬಿಣದ ಹಂಡೇದಾಗ?” ಎಂದಳು. ನರ್ಸ್ ಮರಾಠಿಯಲ್ಲಿ “ಆಕ್ಸಿಜನ್ ಆಹೆ, ಆಜಿ” ಎಂದಳು. ಆ ಗಾಬರಿಯಲ್ಲಿ ಅಜ್ಜಿಗೆ ಅರ್ಥವಾಗಲಿಲ್ಲ. ಅಪ್ಪನ ಮುಖ ನೋಡಿದಳು.

ಅಪ್ಪ “ಆಮ್ಲ...” ಎಂದು ಶುರುಮಾಡಿ ಅಕ್ಕನ ಕಡೆ ನೋಡಿದರು. ಆಮೇಲೆ ಅಂದರು, “ಪ್ರಾಣವಾಯು, ಅವ್ವಾ.”

“ಪ್ರಾಣವಾಯು” ಎಂದಳು ಅಜ್ಜಿ. ಕೈ ನಿಲ್ಲಲಿಲ್ಲ. ಮತ್ತೆ ಅಂದಳು, ಮತ್ತೆ ಅಂದಳು, ಜಪದ ಹಾಗೆ. ಒಂದೊಂದು ಸಲಕ್ಕೂ ಹತ್ತಿ ಅವಳ ಬೆರಳಲ್ಲಿ ತಿರುಗುತ್ತಿತ್ತು.

ಆಗ ಅಕ್ಕ ಅಪ್ಪನ ಕಡೆ ತಿರುಗಿ ನಕ್ಕಳು. ನನಗೆ ಹಾಗೆ ನೆನಪು. ಆದರೆ ಅವಳ ಬಾಯಿಯ ಮೇಲೆ ಮುಚ್ಚಳವಿತ್ತಲ್ಲ, ನಗು ನನಗೆ ಹೇಗೆ ಕಂಡಿತು? ಕಣ್ಣಿನಲ್ಲಿ ಕಂಡಿರಬಹುದು. ನಗಬೇಕಿತ್ತು ಎಂದು ಇಷ್ಟು ವರ್ಷ ಬಯಸಿ ಬಯಸಿ ನಾನೇ ಅದನ್ನು ಅಲ್ಲಿ ಇಟ್ಟಿರಲೂಬಹುದು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಳೆ ನಿಂತು ಕಿಟಕಿಯಲ್ಲಿ ಬಿಸಿಲು ಬಂದಿತ್ತು. ನಾನು ಅಜ್ಜಿಯ ಕೈಯನ್ನೇ ನೋಡುತ್ತಿದ್ದೆ. ಕೈ ನಿಂತಿತು. ನಾನು ಮಂಚದ ಕಡೆ ನೋಡಲಿಲ್ಲ. ನರ್ಸ್ ಬಂದು ಉರುಳೆಯ ಕೀಲಿ ತಿರುಗಿಸುವವರೆಗೂ ಬಾಟಲಿಯಲ್ಲಿ ನೀರು ಗುಳುಗುಳು ಎನ್ನುತ್ತಲೇ ಇತ್ತು.

ಮುಂದಿನ ವರ್ಷ ಅಪ್ಪನ ಪುಸ್ತಕ ಅಚ್ಚಾಗಿ ಬಂತು. ಹೊಸ ಶಾಯಿಯ ವಾಸನೆಯ ಪುಟಗಳನ್ನು ನಾನು ಒಂದೊಂದಾಗಿ ತಿರುವಿದೆ. ಎಲ್ಲ ಕಡೆ ‘ಆಮ್ಲಜನಕ’ ಎಂದೇ ಇತ್ತು.

ಈಗ ನಿಮ್ಮನ್ನು ನೋಡುತ್ತೇನೆ. ನನಗೆ ಸ್ವಲ್ಪ ದಮ್ಮು ಹತ್ತಿದರೆ ಸಾಕು, ಬೆರಳಿಗೆ ಒಂದು ಪುಟ್ಟ ಯಂತ್ರ ಸಿಕ್ಕಿಸಿ “ಅಜ್ಜಿ, ಆಕ್ಸಿಜನ್ ಚೆನ್ನಾಗಿದೆ” ಎನ್ನುತ್ತೀರಿ. ರಜೆಗೆ ಬರುವ ಧಾರವಾಡದ ನೆಂಟರ ಹುಡುಗಿ ಅದನ್ನೇ ಆಮ್ಲಜನಕ ಎಂದು ಓದುತ್ತಾಳೆ. ಪಕ್ಕದ ಫ್ಲ್ಯಾಟಿನ ಮಗುವಿನ ಮರಾಠಿ ಪಾಠದಲ್ಲಿ ಅದು ಪ್ರಾಣವಾಯು. ಸಂತೆಯಲ್ಲಿ ಯಾರೂ ಆಡದ ಹಳೆಯ ಭಾಷೆಗಳು ನಿಮ್ಮ ಬಾಯಲ್ಲಿ ದಿನವೂ ಉಸಿರಾಡುತ್ತಿವೆ. ಹೆಸರಿಟ್ಟವನ ತಪ್ಪೂ ಅವುಗಳ ಜೊತೆ ಉಳಿದುಕೊಂಡಿದೆ. ನಿಮಗೆ ಒಂದು ಹೆಸರಿಗೂ ಇನ್ನೊಂದಕ್ಕೂ ಜಗಳವಿಲ್ಲ. ನನಗೆ ಮಾತ್ರ ಇದೆ.

ನಾನು ಕಾಲೇಜು ಮುಗಿಸಿದ ವರ್ಷ ಒಂದು ಸಂಜೆ ಅಪ್ಪನನ್ನು ಕೇಳಿದೆ. ಅಜ್ಜಿ ಆಗ ಇರಲಿಲ್ಲ. ಅವಳು ಹೊಸೆದಿಟ್ಟ ಬತ್ತಿಗಳು ಡಬ್ಬಿಯಲ್ಲಿ ಇನ್ನೂ ಇದ್ದವು. ಅಪ್ಪ ಅದರಲ್ಲೊಂದನ್ನು ತೆಗೆದು ಹಣತೆಗಿಟ್ಟು ಎಣ್ಣೆ ಹಾಕುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಅವರು ದೀಪ ಹಚ್ಚಿ ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

“ಅಪ್ಪಾ, ಆಸ್ಪತ್ರ್ಯಾಗ ಅಕ್ಕನ ಮಾತು ಅಂದ್ರಿ. ಪುಸ್ತಕದಾಗ ಬರಿಯೋವಾಗ ನಿಮ್ಮ ಕೈ ಯಾಕ ನಿಂತಿತು?”