ಬಾಜೂ ಮನಿಯ ಮಿಷನ್

‘ಛಲೋ ಐತ್ರಿ’ ಎಂಬ ಮಾತನ್ನು ನಾನು ಬರೆದುಕೊಂಡಷ್ಟು ಸಲ ಈ ಜಿಲ್ಲೆಯಲ್ಲಿ ಬೇರೆ ಯಾರೂ ಬರೆದುಕೊಂಡಿರಲಿಕ್ಕಿಲ್ಲ. ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಎಂಜಿನಿಯರುಗಳು ಏನಾದರೂ ಹೊಸ ಸಾಮಾನು ಮಾಡಿ ಕಳಿಸಿದರೆ, ಅದನ್ನು ಕೆಲವು ಮನೆಗಳಿಗೆ ಕೊಟ್ಟು, ಬಳಸಿದವರು ಏನನ್ನುತ್ತಾರೆಂದು ಕೇಳಿ, ಕೇಳಿದ್ದನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ಮಾತುಗಳ ಮೇಲೆ ಸಾಮಾನನ್ನು ತಿದ್ದಿ, ಆಮೇಲೆ ಹೆಚ್ಚು ಮಾಡಿಸುತ್ತಾರೆ ಎಂಬುದು ಲೆಕ್ಕಾಚಾರ.

ಮೊದಲು ಬೀಳಗಿ ಕಡೆ ಒಲೆ ಕೊಟ್ಟಿದ್ದೆವು. ಹಿನ್ನೀರು ಬಂದು ಊರು ಬಿಟ್ಟವರ ಹೊಸ ಮನೆಗಳು, ಹೊಗೆ ಕಡಿಮೆ ಮಾಡುವ ಹೊಸ ಒಲೆ. ಹೋದ ಮನೆಯಲ್ಲೆಲ್ಲ ಛಲೋ ಐತ್ರಿ ಅಂದರು, ಚಹಾ ಕೊಟ್ಟರು. ಒಂದು ದಿನ ಹೇಳದೆ ಕೇಳದೆ ಹೋಗಿ ನೋಡಿದರೆ ನಮ್ಮ ಒಲೆಯ ಮೇಲೆ ನೀರಿನ ಕೊಡ ಕೂತಿತ್ತು. ಅಡುಗೆ ಹಿತ್ತಿಲಿನ ಹಳೆಯ ಒಲೆಯಲ್ಲೇ ನಡೆದಿತ್ತು. ಮುಧೋಳದಲ್ಲಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಕತ್ತರಿಸುವ ಯಂತ್ರದ ಹಣೆಬರಹವೂ ಅದೇ ಆಯಿತು. ಅವರು ಸುಳ್ಳು ಹೇಳಿದರು ಎಂದು ನಾನು ಅನ್ನಲಾರೆ. ಮನೆಗೆ ಬಂದವರು ತಂದ ವಸ್ತುವಿಗೆ ಎದುರಿಗೇ ಕುಂದು ಹೇಳುವ ರೂಢಿ ನಮ್ಮ ಕಡೆ ಇಲ್ಲ. ನಾನಾದರೂ ಹೇಳುತ್ತಿರಲಿಲ್ಲ. ಆದರೆ ಹುಬ್ಬಳ್ಳಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಆ ವರ್ಷ ನಮ್ಮ ಮ್ಯಾನೇಜರು ಒಂದು ಸಾಫ್ಟ್‌ವೇರ್ ತಂದರು. ಹುಬ್ಬಳ್ಳಿಯಲ್ಲಿ ಕೂತು ಇನ್ನೆರಡು ಕೆಲಸಗಳನ್ನೂ ಹೊತ್ತಿದ್ದ ಚಿಕ್ಕ ವಯಸ್ಸಿನ ಎಂಜಿನಿಯರ್ ಅವರು; ಕೆಟ್ಟವರಲ್ಲ, ಪುರುಸೊತ್ತಿಲ್ಲದವರು. ಪರದೆಯ ಮೇಲೆ ಒಂದು ಬೋರ್ಡು. ಅದರಲ್ಲಿ ಮೂರು ಸಾಲು: ಮಾಡಬೇಕಾದದ್ದು, ನಡೆದಿರುವುದು, ಮುಗಿದದ್ದು. ಒಂದೊಂದು ಮನೆಗೆ ಒಂದೊಂದು ಕಾರ್ಡು. ಬಳಸಿದವರು ಹೊಗಳಿದರೆ ಹಸಿರು ಗುರುತು, ದೂರಿದರೆ ಕೆಂಪು. ಒಂದು ಸಾಲಿನಿಂದ ಇನ್ನೊಂದಕ್ಕೆ ಕಾರ್ಡನ್ನು ಎಳೆದು ಹಾಕಿದರೆ ಕೆಲಸ ಮುಂದೆ ಹೋದಂತೆ. ಈ ಸಲ ನಾನು ತಿರುಗಬೇಕಿದ್ದ ಬನಹಟ್ಟಿಯಲ್ಲಿ ನೆಟ್ ಸಿಗುವ ಜಾಗ ಬಸ್ ಸ್ಟ್ಯಾಂಡಿನ ಒಂದು ಕಟ್ಟೆ ಮಾತ್ರ. ಬಿಸಿಲಿಗೆ ಪರದೆ ಕಾಣದೆ ತಲೆಯ ಮೇಲಿನ ಸೆರಗನ್ನೇ ಲ್ಯಾಪ್‌ಟಾಪಿಗೂ ಹೊದಿಸಿಕೊಂಡು ಕಾರ್ಡು ಎಳೆಯುತ್ತಿದ್ದೆ. ಚಿಮ್ಮಡಕ್ಕೆ ಹೋಗುವ ಆಟೋದವರು ಇವಳಿಗೆ ಏನಾಗಿದೆ ಎಂಬಂತೆ ನೋಡುತ್ತಿದ್ದರು.

ಈ ಸಲದ ಸಾಮಾನು ಕಂಡಿಕಿ ಸುತ್ತುವ ಮಿಷನ್. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತಿದರೆ ಅದೇ ಕಂಡಿಕಿ. ಗಂಡ ಮಗ್ಗದಲ್ಲಿದ್ದರೆ ಹೆಂಡತಿ ಗೋಡೆಗೆ ಆತುಕೊಂಡು ಬಲಗೈಯಿಂದ ರಾಟಿ ತಿರುಗಿಸುತ್ತ ಕಂಡಿಕಿ ಸುತ್ತುತ್ತಲೇ ಇರಬೇಕು. ಮೋಟಾರಿನ ಮಿಷನ್‌ಗಳು ಪಾವರ್‌ಲೂಮ್ ಇದ್ದವರಿಗೆ. ನಮ್ಮದು ಕೈಮಗ್ಗದ ಮನೆಗಳಿಗೆಂದು ಮಾಡಿದ್ದು. ಕರೆಂಟ್ ಬೇಡ, ಕಾಲಿನಿಂದ ತುಳಿದರೆ ತಿರುಗುತ್ತದೆ. ಬನಹಟ್ಟಿ, ರಬಕವಿಯ ಕೆಲವು ಮನೆಗಳಿಗೆ ಕೊಡುವುದೆಂದಾಯಿತು. ಒಂದನ್ನು ನನ್ನ ಚಿಗವ್ವನ ಮನೆಗೆ ಕೊಡಿಸಿದೆ.

ಚಿಗವ್ವ ನನ್ನ ಅವ್ವನ ತಂಗಿ, ಬನಹಟ್ಟಿಗೆ ಮದುವೆ ಮಾಡಿ ಕೊಟ್ಟಿದ್ದರು. ಮದುವೆಯಾದಾಗಿನಿಂದ ರಾಟಿ ತಿರುಗಿಸಿ ಅವಳ ಬಲ ರಟ್ಟೆ ಹೋಗಿತ್ತು. ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತನ್ನ ತುರುಬನ್ನು ತಾನು ಕಟ್ಟಿಕೊಳ್ಳಲು ಬಾರದೆ, ದಿನಾ ಮುಂಜಾನೆ ಬಾಜೂ ಮನೆಯವಳು ಹಣಿಗೆ ಹಿಡಿದುಕೊಂಡು ಬಂದು ತಲೆ ಬಾಚಿ ಹೋಗುತ್ತಿದ್ದಳು. ಅವಳದೂ ಕೈಮಗ್ಗದ ಮನೆಯೇ. ಅವಳಿಗೂ ಒಂದು ಮಿಷನ್ ಸಿಕ್ಕಿತ್ತು.

ಮಿಷನ್ ಮನೆಗೆ ಬಂದ ದಿನ ಚಿಗವ್ವ ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದಳು. ಎಲ್ಲ ಮನೆಯಲ್ಲೂ ಹಾಗೇ ಮಾಡಿದರು. ಕೆಲವು ವಾರ ಕಳೆದು ಹೋದೆ. ಮಿಷನ್ ಹೇಗಿದೆ ಎಂದು ಕೇಳಿದೆ.

“ಛಲೋ ಐತವಾ. ಏನೂ ತಕರಾರ ಇಲ್ಲ.”

“ಖರೇನ ಹೇಳು ಚಿಗವ್ವ. ಏನರ ಇದ್ದರ ತಿದ್ದತಾರ.”

“ಪೂಜಿ ಮಾಡಿ ಮನಿಯಾಗ ಇಟ್ಕೊಂಡೇವಿ. ಅದಕ್ಕ ಕೊರತಿ ಹೇಳಬಾರದು.”

ಸ್ವಂತ ಚಿಗವ್ವನೇ ಹೀಗಂದರೆ ಉಳಿದವರ ಮಾತೇನು? ಬೋರ್ಡು ಹಸಿರೋ ಹಸಿರು. ಮ್ಯಾನೇಜರು ಖುಷಿಯಾಗಿ ಹೆಬ್ಬೆರಳಿನ ಚಿತ್ರ ಕಳಿಸಿದರು. ನನಗೆ ಬೀಳಗಿಯ ಒಲೆಯ ಮೇಲಿನ ಕೊಡ ನೆನಪಾಯಿತು.

ಹೊರಡಲೆಂದು ಚಪ್ಪಲಿ ಮೆಟ್ಟುವಾಗ ಚಿಗವ್ವ ಸುಮ್ಮನೆ ಮಾತಿಗೆ ಅಂದಳು: “ನಮ್ಮದೇನೋ ಛಲೋ ಐತಿ. ಬಾಜೂ ಮನ್ಯಾಕಿದು ನೋಡು, ತುದ್ಯಾಗ ಸಡ್ಲ ಸುತ್ತತೈತಿ. ಲಾಳ್ಯಾಗ ಹಾಕಿದರ ನೂಲ ಜಾರಿ ಗಂಟಾಕ್ಕೈತಿ. ಪಾಪ, ಆಕಿ ತುದಿ ಬಿಚ್ಚಿ ಮತ್ತ ಕೈಲೇ ಸುತ್ತತಾಳ.”

ಬಾಜೂ ಮನೆಗೆ ಹೋದೆ. ಅವಳ ಮಿಷನ್ ಛಲೋ ಇತ್ತಂತೆ. ಆದರೆ ನಮ್ಮ ಚಿಗವ್ವನದು ಮಾತ್ರ ತುದಿಯಲ್ಲಿ ಸಡಿಲ ಸುತ್ತುತ್ತಿತ್ತಂತೆ. ಪಾಪ, ನಿಮ್ಮ ಚಿಗವ್ವ ತುದಿ ಬಿಚ್ಚಿ ಕೈಯಿಂದ ಸುತ್ತುತ್ತಾಳೆ ಎಂದು ಅವಳು ಮರುಗಿದಳು. ಎರಡೂ ಮಿಷನ್ ಒಂದೇ ಅಚ್ಚಿನವು. ನಗು ಬಂತು, ಅದರ ಹಿಂದೆಯೇ ಸುಸ್ತೂ ಬಂತು. ಎಲ್ಲ ಮನೆಗಳನ್ನೂ ಮತ್ತೆ ಮೊದಲಿನಿಂದ ತಿರುಗಬೇಕಲ್ಲ. ತಿರುಗಿದೆ. ಈ ಸಲ ಯಾರನ್ನೂ ಅವರ ಮಿಷನ್ ಬಗ್ಗೆ ಕೇಳಲಿಲ್ಲ, ಪಕ್ಕದವರದು ಹೇಗಿದೆಯಂತೆ ಎಂದು ಕೇಳಿದೆ. ಜನ ಬಾಯಿ ತುಂಬ ಮಾತಾಡಿದರು.

ಈಗ ಇದನ್ನು ಕಾರ್ಡಿನಲ್ಲಿ ಎಲ್ಲಿ ಹಾಕುವುದು? ಬಳಸಿದವರೇ ದೂರಿದರು ಎಂದು ಅವರ ಹೆಸರು ಹಾಕದೆ ಸಾಫ್ಟ್‌ವೇರ್ ಕೆಂಪು ಗುರುತು ಹಾಕಲು ಬಿಡುತ್ತಿರಲಿಲ್ಲ. ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಬರೆದೆ. ಮ್ಯಾನೇಜರ ಫೋನು ಬಂತು.

“ಮೇಡಂ, ಸ್ವತಃ ಬಳಸಿದವರು ಚೆನ್ನಾಗಿದೆ ಅಂತಿದ್ದಾರೆ. ಪಕ್ಕದ ಮನೆಯವರ ಮಾತು ತೊಗೊಂಡು ನಾನೇನು ಮಾಡಲಿ?”

“ಸರ್, ನಮ್ಮ ಕಡೆ ತಮ್ಮ ಮನಿ ಸುದ್ದಿ ಬಾಜೂ ಮನಿ ಮ್ಯಾಲೆ ಹಾಕಿ ಹೇಳತಾರ್ರಿ.”

ಮರುದಿನ ನೋಡಿದರೆ ಬೋರ್ಡಿನಲ್ಲಿ ಹಳದಿಯದೊಂದು ಹೊಸ ಗುರುತು ಬಂದಿತ್ತು, ‘ಪಕ್ಕದ ಮನೆ’ ಎಂಬ ಹೆಸರಿನಲ್ಲಿ. ನನ್ನ ಟಿಪ್ಪಣಿಗಳಿಗೆಲ್ಲ ಹಳದಿ ಹಚ್ಚಿ ಒಂದೆಡೆ ಕೂಡಿಸಿದ ಕೂಡಲೇ ಕುರುಡನಿಗೂ ಕಾಣುವಂತಾಯಿತು: ನೂಲಿಗೆ ದಾರಿ ತೋರಿಸುವ ಕೊಕ್ಕೆ ಅಲುಗಾಡುತ್ತದೆ, ತುದಿ ಸಡಿಲಾಗುತ್ತದೆ, ಎಲ್ಲ ಮಿಷನ್‌ಗಳಲ್ಲೂ. ಆ ಸಂಜೆ ಜಮಖಂಡಿಯ ಬಸ್ಸಿನಲ್ಲಿ ನಾನು ಸಂತೋಷದಿಂದಲೇ ಕೂತಿದ್ದೆ. ಆ ಕೆಲಸದಲ್ಲಿ ಸಂತೋಷಪಟ್ಟ ದಿನಗಳು ಹೆಚ್ಚಿಲ್ಲ, ಹಾಗಾಗಿ ನೆನಪಿದೆ.

ಎಲ್ಲ ಮಿಷನ್‌ಗಳನ್ನೂ ವಾಪಸು ತರಿಸಿ ಕೊಕ್ಕೆ ತಿದ್ದಿ ಕಳಿಸುವುದೆಂದು ಹುಬ್ಬಳ್ಳಿಯಲ್ಲಿ ತೀರ್ಮಾನವಾಯಿತು. ಸುದ್ದಿ ಹೇಳಲು ಚಿಗವ್ವನ ಮನೆಗೆ ಹೋದಾಗ ಅವಳು ಕನ್ನಡಿ ಮುಂದೆ ನಿಂತು ತಾನೇ ತುರುಬು ಕಟ್ಟಿಕೊಳ್ಳುತ್ತಿದ್ದಳು. ತುಸು ಓರೆಯಾಗಿತ್ತು. ರಟ್ಟೆಗೆ ವಿಶ್ರಾಂತಿ ಸಿಕ್ಕು ಕೈ ಮೇಲೆ ಏಳತೊಡಗಿತ್ತು. ತುದಿಯಷ್ಟನ್ನೇ ಕೈಯಿಂದ ಸುತ್ತುವುದು ಅವಳಿಗೆ ಒಂದು ಲೆಕ್ಕವೇ ಅಲ್ಲ.

“ನಾ ಏನೂ ಅಂದಿಲ್ಲಲ್ಲ. ಮತ್ಯಾಕ ಒಯ್ಯಾಕತ್ತೀರಿ?” ಅಂದಳು.

“ರಿಪೇರಿ ಮಾಡಿ ತಂದ ಕೊಡತಾರ ಚಿಗವ್ವ.”

“ನಮ್ಮದು ಛಲೋ ಐತಿ ಅಂತ ಹೇಳಲಿಲ್ಲೇನು?”

ಮಿಷನ್ ಒಯ್ಯಲು ಟೆಂಪೋ ಬಂದದ್ದು ಮಂಗಳವಾರ. ಪೂಜೆ ಮಾಡಿದ ಸಾಮಾನನ್ನು ಮಂಗಳವಾರ ಹೊಸ್ತಿಲು ದಾಟಿಸುವುದಿಲ್ಲ ಎಂದು ಚಿಗವ್ವ ಬಾಗಿಲಲ್ಲಿ ನಿಂತಳು, ಬಾಜೂ ಮನೆಯವಳೂ ನಿಂತಳು. ಡ್ರೈವರ್ ಗೊಣಗುತ್ತ ಬನಹಟ್ಟಿಯಲ್ಲೇ ಉಳಿದ. ತಡವಾದದ್ದಕ್ಕೆ ಕಾರಣ ಬರೆಯಿರಿ ಎಂದು ಸಾಫ್ಟ್‌ವೇರ್ ಕೇಳಿತು. ‘ಮಂಗಳವಾರ’ ಎಂದು ಬರೆದೆ. ಮಂಗಳವಾರ ಏನಾಯಿತು ಎಂದು ಮ್ಯಾನೇಜರು ತಿರುಗಿ ಕೇಳಿದರು. ಬುಧವಾರ ಮಿಷನ್‌ಗೆ ಮತ್ತೊಮ್ಮೆ ಕುಂಕುಮ ಹಚ್ಚಿ, ಮೈ ಒರೆಸಿ, ಲಗೂನ ಬಾ ಎಂದು ಅದಕ್ಕೇ ಹೇಳಿ ಚಿಗವ್ವ ಕಳಿಸಿಕೊಟ್ಟಳು.

ಬೋರ್ಡಿನ ನಡುವಿನ ಸಾಲಿನಲ್ಲಿ ‘ತಿದ್ದಿದ ಮಿಷನ್ ಮರಳಿ ಕೊಡುವುದು’ ಎಂಬ ಕಾರ್ಡು ಕೂತಿತು. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ನಾನು ಕೇಳುತ್ತಲೇ ಇದ್ದೆ. ಕೊಕ್ಕೆ ಮಾಡುವವರು ಬೇರೆ ಕೆಲಸದಲ್ಲಿದ್ದಾರೆ ಎಂದರು, ಮುಂದಿನ ಹಂತ ಮಂಜೂರಾಗಬೇಕು ಎಂದರು. ಕೊನೆಗೆ ಈ ಯೋಜನೆಗೆ ಹಣ ಕೊಡುತ್ತಿದ್ದವರ ಅವಧಿಯೇ ಮುಗಿಯಿತು. ಕಾರ್ಡುಗಳು ಬಾಕಿ ಇದ್ದರೆ ಬೋರ್ಡನ್ನು ಮುಚ್ಚಲು ಬರುವುದಿಲ್ಲವಂತೆ. ಹೀಗಾಗಿ ಒಂದು ದಿನ ಮ್ಯಾನೇಜರು ನಡುವಿನ ಸಾಲಿನಲ್ಲಿ ಇದ್ದಬದ್ದದ್ದನ್ನೆಲ್ಲ ಒಟ್ಟಿಗೆ ಎಳೆದು ‘ಮುಗಿದದ್ದು’ ಸಾಲಿಗೆ ಹಾಕಿದರು. ಕ್ಷಮಿಸಿ ಮೇಡಂ ಎಂದು ನನಗೆ ಮೆಸೇಜ್ ಬಂತು. ಸಿಟ್ಟು ಬಂತು, ಆದರೆ ಜಗಳಾಡುವಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ.

ಒಂದು ಕೆಲಸ ಮಾತ್ರ ಬಾಕಿ ಇತ್ತು. ಪ್ರತಿ ಮನೆಯಿಂದ ಕೊನೆಯ ಅಭಿಪ್ರಾಯ ಬೇಕು. ಎಲ್ಲ ಮನೆ ಮುಗಿಸಿ ಕಡೆಗೆ ಒಂದು ಮುಂಜಾನೆ ಚಿಗವ್ವನಲ್ಲಿಗೆ ಹೋದೆ. ಅವಳು ಗೋಡೆಗೆ ಆತು ಕೂತು ರಾಟಿ ತಿರುಗಿಸುತ್ತಿದ್ದಳು. ಒಳಗೆ ಚಿಗಪ್ಪನ ಮಗ್ಗದ ಸದ್ದು. ಮಿಷನ್ ಇಟ್ಟಿದ್ದ ಜಾಗದಲ್ಲಿ ಏನೂ ಇಟ್ಟಿರಲಿಲ್ಲ, ಸಾರಿಸಿ ಖಾಲಿ ಬಿಟ್ಟಿದ್ದಳು. ಅದು ಬರುವುದಿಲ್ಲ ಎಂದು ಹೇಳಿದೆ. ಅವಳು ರಾಟಿ ನಿಲ್ಲಿಸಲಿಲ್ಲ.

“ನಾ ಕೊನೀದು ಒಂದ ಬರಕೋಬೇಕು ಚಿಗವ್ವ. ಹೆಂಗಾತು ಎಲ್ಲಾ?”

“ಛಲೋ ಆತವಾ. ನಮಗೇನ ತ್ರಾಸ ಇಲ್ಲ.”

ಲ್ಯಾಪ್‌ಟಾಪ್ ಮುಚ್ಚಬೇಕೆಂದಿದ್ದೆ. ಮನಸ್ಸು ತಡೆಯದೆ ಕೇಳಿದೆ, “ಬಾಜೂ ಮನ್ಯಾಕಿಗೆ?”

ರಾಟಿ ನಿಂತಿತು.

“ಆಕಿಗೆ ಭಾಳ ಸಂಕಟ ಆಗೇತಿ. ಕೈ ಮ್ಯಾಲೆ ಏಳವಲ್ದು. ರಾತ್ರಿ ಮಗ್ಗಲ ಹೊಳ್ಳಾಕ ಬರವಲ್ದು. ತಂದ ಕೊಡತೇವಿ ಅಂತ ಹೇಳಿ ಒಯ್ದರು, ಕೊಡಲಿಲ್ಲ. ಕೊಡೂದ ಇರಲಿಲ್ಲಂದರ ಮನಿಗೆ ಯಾಕ ತಂದರು ಅಂತಾಳ ಆಕಿ. ಯಾರಿಗೆ ಹೇಳಬೇಕು ಅಂತಾಳ.”

ಅಷ್ಟು ಹೇಳಿ ಚಿಗವ್ವ ಮುಖ ಆಚೆ ತಿರುಗಿಸಿದಳು. ಆಗಲೇ ಬಾಜೂ ಮನೆಯವಳು ಹಣಿಗೆ ಹಿಡಿದುಕೊಂಡು ಒಳಗೆ ಬಂದಳು. ಯಾವಾಗ ಬಂದಿ ಎಂದು ನನ್ನನ್ನು ಮಾತಾಡಿಸಿ, ಚಿಗವ್ವನ ಹಿಂದೆ ಕೂತು, ಅವಳ ತುರುಬು ಬಿಚ್ಚಿ ತಲೆ ಬಾಚತೊಡಗಿದಳು.